ಬೆರಳಿಗೆ ಸಿಗದ ಒಲೆ

ಬೆಟ್ಟದಪುರ,
ಪಿರಿಯಾಪಟ್ಟಣ ತಾಲ್ಲೂಕು,
ಮಂಗಳವಾರ, ೧೯ ನವೆಂಬರ್ ೨೦೨೪

ಚಿರಂಜೀವಿ ಚೇತನ್‌ಕುಮಾರನಿಗೆ ನಿನ್ನ ತಾಯಿ ನೀಲಾಂಬಿಕೆಯ ತುಂಬುಮನಸ್ಸಿನ ಆಶೀರ್ವಾದಗಳು.

ಮೊದಲು ನಿನ್ನ ಆರೋಗ್ಯದ ಸಂಗತಿ. ಕಳೆದ ಭಾನುವಾರ ಮಾತನಾಡುವಾಗ ನಿನ್ನ ಧ್ವನಿ ಕಟ್ಟಿತ್ತು. ಕೇಳಿದ್ದಕ್ಕೆ ಗಾಳಿಯ ಸದ್ದು ಎಂದೆ. ವೃತ್ತಿಯುದ್ದಕ್ಕೂ ಮಕ್ಕಳ ಧ್ವನಿಯನ್ನೇ ಕೇಳಿ ನಿವೃತ್ತಳಾದವಳಿಗೆ ಗಾಳಿ ಯಾವುದು, ನೆಗಡಿ ಯಾವುದು ಎಂಬುದು ತಿಳಿಯದೆ ಹೋಗುವುದಿಲ್ಲ. ಜೈಸಲ್ಮೇರಿನ ಮರಳಿನಲ್ಲಿ ಹಗಲು ಎಷ್ಟೇ ಬಿಸಿಲಿರಲಿ, ಬೆಳಗಿನ ಪಹರೆಗೆ ಹೋಗುವಾಗ ಉಣ್ಣೆಯ ಟೋಪಿ ಕಿವಿ ಮುಚ್ಚಿರಲಿ. ಹಿಮ್ಮಡಿ ಒಡೆದಿದ್ದರೆ ಮುಲಾಮು ಹಚ್ಚಿಕೊ, ನಾಚಿಕೆಪಡಬೇಡ. ಇಲ್ಲಿ ನಿನ್ನ ತಂದೆಯವರು ಚೆನ್ನಾಗಿದ್ದಾರೆ. ಹೊಗೆಸೊಪ್ಪು ಬೇಯಿಸುವ ಕೆಲಸ ಕೊನೆಯ ಹಂತಕ್ಕೆ ಬಂದಿದೆ, ಸೊಪ್ಪು ಹದಮಾಡುವ ಬ್ಯಾರನ್ನಿನಲ್ಲಿ ಇನ್ನೊಂದು ಸುತ್ತು ಬೆಂಕಿ ಉರಿದರೆ ಈ ವರ್ಷಕ್ಕೆ ಮುಗಿಯಿತು. ಸೊಪ್ಪಿನ ಅಂಟು ಕೈಗೆ ಕಪ್ಪಗೆ ಮೆತ್ತಿಕೊಂಡಿರುವಾಗ ನೀನು ಕೊಡಿಸಿದ ಫೋನು ಅವರ ಬೆರಳನ್ನು ಬೆರಳೆಂದೇ ಒಪ್ಪುವುದಿಲ್ಲ. ಹಾಗಾಗಿ ಯಾರ ಕರೆ ಬಂದರೂ ಮೂಗಿನ ತುದಿಯಿಂದ ಗಾಜನ್ನು ಒರೆಸಿ ಹಲೋ ಎನ್ನುತ್ತಾರೆ. ಸೊಪ್ಪು ಕಟ್ಟುವ ಹೆಂಗಸರು 'ಪ್ರಭಣ್ಣ ಫೋನ್ಗೆ ಮುತ್ತು ಕೊಡ್ತಾವ್ರೆ ಕಣಮ್ಮಿ' ಎಂದು ನಗುತ್ತಾರೆ. ಅವರೂ ನಗುತ್ತಾರೆ. ಈ ಮನೆಯಲ್ಲಿ ಸದ್ಯಕ್ಕೆ ನಗುವಿರುವುದು ಬ್ಯಾರನ್ನಿನ ಹತ್ತಿರ ಮಾತ್ರ.

ಫೋನಿನಲ್ಲಿ ಹೇಳಬಹುದಾದದ್ದನ್ನು ಕಾಗದದಲ್ಲಿ ಬರೆಯುವುದೇಕೆ ಎಂದು ನೀನು ಕೇಳಬಹುದು. ಭಾನುವಾರ ನಿನ್ನ ಕರೆ ಬರುವ ಹೊತ್ತಿಗೆ ದೊಡ್ಡಮ್ಮ ನನ್ನ ಪಕ್ಕದಲ್ಲೇ ಇರುತ್ತಾಳೆ, ಅವಳ ಕಿವಿ ಫೋನಿಗೇ ಅಂಟಿರುತ್ತದೆ. ಅವಳ ಎದುರಿಗೆ ಹೇಳಲಾಗದ ಮಾತು ಇದು. ಸುತ್ತಿ ಬಳಸಿ ಹೇಳುವುದು ನನ್ನ ಪದ್ಧತಿಯಲ್ಲ, ಆದ್ದರಿಂದ ನೇರವಾಗಿಯೇ ತಿಳಿಸುತ್ತೇನೆ. ಗೌರಿಹಬ್ಬದ ರಜೆಯಲ್ಲಿ ನೀನು ತಂದಿಟ್ಟ ಹೊಸ ಒಲೆಯ ಮೇಲೆ ದೊಡ್ಡಮ್ಮನ ಬಲಗೈ ಸುಟ್ಟಿದೆ. ಗಾಬರಿಯಾಗಬೇಡ, ಪ್ರಾಣಕ್ಕೆ ಏನೂ ಇಲ್ಲ. ಆದರೆ ಸುಟ್ಟಿರುವುದು ಬೆರಳುಗಳ ತುದಿ. ಕಣ್ಣಿಲ್ಲದವಳಿಗೆ ಬೆರಳ ತುದಿ ಎಂದರೆ ಏನೆಂಬುದನ್ನು ನಿನಗೆ ವಿವರಿಸಬೇಕಾಗಿಲ್ಲ. ಈ ಮಧ್ಯಾಹ್ನ ಹುಣಸೂರಿನ ಡಾಕ್ಟರು ಕಟ್ಟು ಬಿಚ್ಚಿ, ತುದಿಗಳಲ್ಲಿ ಮೊದಲಿನ ಸ್ಪರ್ಶ ಉಳಿದಿದೆಯೇ ಎಂದು ನೋಡುತ್ತಾರೆ. ಬಸ್ಸಿಗೆ ಇನ್ನೂ ಹೊತ್ತಿದೆ. ಅವಳು ಅಂಗಳದ ಬಿಸಿಲಿನಲ್ಲಿ ಕೂದಲು ಒಣಗಿಸುತ್ತಿದ್ದಾಳೆ, ನಾನು ನಡುಮನೆಯಲ್ಲಿ ಬರೆಯುತ್ತಿದ್ದೇನೆ. 'ಏನ್ ಗೀಚ್ತಿದ್ದೀಯೆ ನೀಲಾ, ಪೆನ್ನಿನ ಸದ್ದು ಕೇಳ್ತದೆ' ಎಂದು ಆಗಲೇ ಒಮ್ಮೆ ಕೇಳಿದಳು. ಪಿಂಚಣಿ ಕಚೇರಿಗೆ ಅರ್ಜಿ ಎಂದೆ. ಕೈ ಸುಟ್ಟ ದಿನವೇ 'ಫೋನಲ್ಲಿ ಮಗೀಗೆ ಏಳ್ಬ್ಯಾಡ ಕಣೆ' ಎಂದು ನನ್ನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು ಭಾಷೆ ತೆಗೆದುಕೊಂಡಿದ್ದಾಳೆ. ಫೋನಿನ ಮಾತನ್ನಷ್ಟೇ ಎತ್ತಿದಳು, ಕಾಗದದ ಮಾತನ್ನು ಎತ್ತಲಿಲ್ಲ. ಶಾಲೆಯಲ್ಲಿ ಮಕ್ಕಳು ಇಂಥ ಸಂದಿಯಲ್ಲಿ ನುಸುಳಿದಾಗ ಅವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇಂದು ನಾನೇ ನುಸುಳುತ್ತಿದ್ದೇನೆ.

ನೀನು ಅಂಬೆಗಾಲಿಡುತ್ತಿದ್ದಾಗ ನಾನು ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆಯ ಶಾಲೆಯಲ್ಲಿದ್ದೆ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದೆ. ಮಿರ್ಲೆಯ ಗಂಡನ ಮನೆಯಲ್ಲಿ ಭಾವನವರು ತೀರಿಹೋದ ಮೇಲೆ ಇಲ್ಲಿಗೆ ಬಂದ ನನ್ನಕ್ಕ ಚೆಲುವಮ್ಮನೇ, ನಿನ್ನ ಈ ದೊಡ್ಡಮ್ಮನೇ, ನಿನಗೆ ನೀರೆರೆದಳು, ಉಣಿಸಿದಳು, ಮಲಗಿಸಿದಳು. ಅಂಗಳದ ಒರಳುಕಲ್ಲಿನ ಮೇಲೆ ಬಿದ್ದು ನಿನ್ನ ಎಡಹುಬ್ಬು ಸೀಳಿದ ದಿನ ನಿನ್ನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವಳು ಅವಳು. ನನಗೆ ಸುದ್ದಿ ತಲುಪಿದ್ದು ಶನಿವಾರ, ಹೊಲಿಗೆ ಹಾಕಿಯಾದ ಮೇಲೆ. ಮುಂದೆ ಕಣ್ಣಿನ ಒತ್ತಡ ಏರುತ್ತ ಹೋಗಿ ಅವಳ ದೃಷ್ಟಿ ಪೂರ್ತಿಯಾಗಿ ಆರಿತು. ಅಂದಿನಿಂದ ಆ ಗಾಯದ ಗುರುತೇ ಅವಳ ಪಾಲಿಗೆ ನಿನ್ನ ಮುಖವಾಯಿತು. ಪ್ರತಿ ರಜೆಯಲ್ಲೂ ನಿನ್ನನ್ನು ಗೇಟಿನ ಬಳಿಯೇ ನಿಲ್ಲಿಸಿ, ಬಲಗೈಯ ನಡುಬೆರಳಿನಿಂದ ಹುಬ್ಬನ್ನು ಸವರಿ, 'ಬಂದಾ ನನ್ ಒರಳ್ಕಲ್ಲು' ಎನ್ನುವಳು. ನೀನು ಸಮವಸ್ತ್ರದಲ್ಲಿದ್ದರೂ, ಜೊತೆಯಲ್ಲಿ ಸ್ನೇಹಿತರಿದ್ದರೂ ಅವಳಿಗೆ ಲೆಕ್ಕವಿಲ್ಲ. ನೀನು ತಲೆ ಬಾಗಿಸಿ ನಿಲ್ಲುವುದನ್ನು ನಾನು ದೂರದಿಂದ ನೋಡಿದ್ದೇನೆ. ಹೆತ್ತವಳ ಸರದಿ ಆಮೇಲೆ ಬರುತ್ತಿತ್ತು. ಅದಕ್ಕೆ ನಾನು ಎಂದೂ ಬೇಸರಪಟ್ಟಿಲ್ಲ ಎಂದು ಬರೆದರೆ ಅತಿಶಯೋಕ್ತಿಯಾದೀತು.

ಹಳೆಯ ಗ್ಯಾಸ್ ಒಲೆಯ ಎರಡು ಗುಂಡಿಗಳು ಅವಳಿಗೆ ಎರಡು ಕಣ್ಣುಗಳಂತಿದ್ದವು. ಮಣಿಕಟ್ಟು ಎಷ್ಟು ತಿರುಗಿತೆಂಬುದರಿಂದ ಉರಿ ಎಷ್ಟೆಂದು ತಿಳಿಯುವಳು, ಉರಿಯ ಸದ್ದಿನಿಂದ ಅದನ್ನು ಖಾತ್ರಿಪಡಿಸಿಕೊಳ್ಳುವಳು. ಗುಂಡಿಯನ್ನು ಮುಟ್ಟಿ ನೋಡಿದರೆ ಸಾಕು, ಒಲೆ ಆರಿದೆಯೇ ಹೊತ್ತಿದೆಯೇ ಎಂಬುದು ತಿಳಿಯುತ್ತಿತ್ತು. ನಾನು ಶಾಲೆಯಿಂದ ಬರುವ ಹೊತ್ತಿಗೆ ಅವರೆಕಾಳಿನ ಉಪ್ಸಾರು ಸಿದ್ಧವಾಗಿರುತ್ತಿತ್ತು, ಕಣ್ಣು ಹೋದ ಮೇಲೂ ಅದರ ರುಚಿ ಕೆಡಲಿಲ್ಲ. ಅವಳ ಹಳೆಯ ಫೋನಿನಲ್ಲೂ ಹೀಗೆಯೇ, ಐದರ ಗುಂಡಿಯ ಮೇಲಿದ್ದ ಸಣ್ಣ ಉಬ್ಬನ್ನು ಹಿಡಿದು, ಅಲ್ಲಿಂದ ಮೇಲೆ ಕೆಳಗೆ ಎಣಿಸಿಕೊಂಡು ನಿನ್ನ ನಂಬರನ್ನು ತಾನೇ ಒತ್ತುತ್ತಿದ್ದಳು. ಅದು ಕೆಟ್ಟ ಮೇಲೆ ಬಂದ ಗಾಜಿನ ಫೋನಿನಲ್ಲಿ ಅವಳ ಬೆರಳಿಗೆ ದಾರಿಯೇ ಇಲ್ಲ. ಎಲ್ಲಿ ಮುಟ್ಟಿದರೂ ನುಣುಪು. ಅಂದಿನಿಂದ ನಾವು ಒತ್ತಿಕೊಟ್ಟರೆ ಅವಳ ಮಾತು, ಇಲ್ಲವಾದರೆ ಇಲ್ಲ. ಅದನ್ನು ನೋಡಿದಾಗಲೇ ನಮಗೆ ಎಚ್ಚರವಾಗಬೇಕಿತ್ತು. ಮಾತಿಗೆ ನಮ್ಮನ್ನು ಕಾಯುವುದು ಅವಳಿಗೆ ಅಭ್ಯಾಸವಾಯಿತು, ಅವಳು ಕಾಯುವುದು ನಮಗೂ ಅಭ್ಯಾಸವಾಯಿತು.

ನಿನ್ನನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆಂದು ತಿಳಿಯಬೇಡ. ರಜೆಗೆ ಬಂದಿದ್ದಾಗ ಹಗ್ಗದ ಮೇಲೆ ಒಣಗುತ್ತಿದ್ದ ಅವಳ ಸೀರೆಯ ಸೆರಗು ಅಂಗೈಯಗಲ ಸುಟ್ಟಿದ್ದನ್ನು ನೀನು ಕಂಡೆ. ಅದನ್ನು ಹಿಡಿದುಕೊಂಡು ಒಳಗೆ ಬಂದು 'ಇದೇನಮ್ಮಾ' ಎಂದು ಕೇಳಿದಾಗ ನಿನ್ನ ಮುಖ ಬಿಳಿಚಿತ್ತು. ನಾವು ಮನೆಯಲ್ಲೇ ಇದ್ದೂ ಕಾಣದ್ದನ್ನು ನೀನು ಕಂಡೆ. ಮಾರನೆಯ ದಿನವೇ ಮೈಸೂರಿಗೆ ಹೋಗಿ, ಉರಿಯಿಲ್ಲದೆ ಕರೆಂಟಿನಿಂದ ಕಾಯುವ ಗಾಜಿನ ಒಲೆಯನ್ನು ತಂದೆ. ಅವಳ ಮಣ್ಣಿನ ಬೋಸಿಯೂ ಅಲ್ಯೂಮಿನಿಯಂ ಪಾತ್ರೆಯೂ ಇದರ ಮೇಲೆ ಆಗುತ್ತದೆ ಎಂದು ವಿಚಾರಿಸಿಯೇ ತಂದೆ. ಸೆರಗಿಗೆ ಹೊತ್ತಿಕೊಳ್ಳಲು ಬೆಂಕಿಯೇ ಇಲ್ಲದ ಒಲೆ ಎಂದರೆ ಇದಕ್ಕಿಂತ ಒಳ್ಳೆಯ ಯೋಚನೆ ಇನ್ನೇನಿದೆ ಎಂದು ನಾನೂ ಒಪ್ಪಿದೆ. ಹಳೆಯದನ್ನು ನಿನ್ನ ತಂದೆಯವರು ಬ್ಯಾರನ್ನಿನ ಕೊಟ್ಟಿಗೆಗೆ ಒಯ್ದು ಆಳುಗಳ ಟೀಗೆ ಇಟ್ಟುಕೊಂಡರು. ನೀನು ಹೊರಡುವ ದಿನ ದೊಡ್ಡಮ್ಮ ಹೊಸ ಒಲೆಯ ಅಂಚನ್ನೆಲ್ಲ ಸವರಿ, 'ಎಷ್ಟ್ ನುಣ್ಣಗೈತಪ್ಪಾ, ಕೂಸಿನ ಕೆನ್ನೆ ಇದ್ದಂಗೆ' ಎಂದಳು. ನೀನು ಸಂತೋಷದಿಂದ ಬಸ್ಸು ಹತ್ತಿದೆ.

ಕಲಿಸುವ ಹೊಣೆ ನನ್ನದಾಯಿತು. ಕಲಿಯದ ಮಗು ಇಲ್ಲ, ಕಲಿಸಲಾರದ ಮೇಷ್ಟರು ಇರಬಹುದು ಎಂದು ನಂಬಿ ಕೆಲಸ ಮಾಡಿದವಳು ನಾನು. ಒಲೆಯ ಮುಂಭಾಗದ ಗಾಜಿನಲ್ಲಿ ಹೊತ್ತಿಸುವ, ಆರಿಸುವ, ಏರಿಸುವ, ಇಳಿಸುವ ಗುರುತುಗಳಿವೆ. ಎಲ್ಲವೂ ಗಾಜಿನ ಒಳಗೇ ಬರೆದ ಚಿತ್ರಗಳು, ಬೆರಳಿಗೆ ಒಂದೂ ಸಿಗುವುದಿಲ್ಲ. ನಾನು ಹಣೆಗಿಡುವ ಬೊಟ್ಟಿನ ಚೀಟಿಗಳನ್ನು ಆ ಗುರುತುಗಳ ಕೆಳಗೆ ಸಾಲಾಗಿ ಅಂಟಿಸಿದೆ. ಅಕ್ಕ ಬೊಟ್ಟುಗಳನ್ನು ಬೇಗ ಕಲಿತಳು. ತೊಂದರೆ ಬೇರೆ ಕಡೆ ಇತ್ತು. ಬೊಟ್ಟನ್ನು ಹುಡುಕುತ್ತ ಬೆರಳು ಗಾಜಿನ ಮೇಲೆ ಹರಿದಾಡಿದರೆ, ಆ ಹುಡುಕಾಟವನ್ನೇ ಒಲೆ ಅಪ್ಪಣೆಯೆಂದು ತಿಳಿಯುತ್ತದೆ. ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಯೋಚಿಸಬಹುದು, ಇದೇ ಹೌದೇ ಎಂದು ಮತ್ತೊಮ್ಮೆ ತಡವಿ ನೋಡಬಹುದು, ಆಮೇಲೆ ಒತ್ತಬಹುದು. ಗಾಜಿಗೆ ಹುಡುಕುವವರೂ ಒಂದೇ, ಒತ್ತುವವರೂ ಒಂದೇ. ನೋಡುವುದಕ್ಕೆ ಕಣ್ಣು, ಆಜ್ಞೆಗೆ ಬೆರಳು ಎಂದು ಎರಡನ್ನು ಬೇರೆ ಬೇರೆ ಇಟ್ಟುಕೊಂಡವರು ಮಾಡಿದ ಸಾಧನ ಅದು. ಎರಡೂ ಕೆಲಸವನ್ನು ಬೆರಳೇ ಮಾಡಬೇಕಾದವಳ ನೆನಪು ಅವರಿಗೆ ಬರಲಿಲ್ಲ.

ಸದ್ದಿನ ಆಸರೆಯೂ ಇಲ್ಲ. ಹೊತ್ತಿಸಿದರೆ 'ಟೀಂ' ಎನ್ನುತ್ತದೆ, ಆರಿಸಿದರೂ 'ಟೀಂ', ಏರಿಸಿದರೂ ಇಳಿಸಿದರೂ ಅದೇ ರಾಗ. ಹಾಜರಿ ಕರೆಯುವಾಗ ಪ್ರತಿ ಹೆಸರಿಗೂ ಒಬ್ಬನೇ ಹುಡುಗ 'ಎಸ್ ಮಿಸ್' ಎಂದರೆ ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ತಿಳಿಯುವುದು ಹೇಗೆ? ಒದ್ದೆ ಕೈ ತಗುಲಿದರೆ ಒಲೆ ತನ್ನಷ್ಟಕ್ಕೆ ತಾನೇ ಕೂಗಿಕೊಂಡು ನಿಂತುಬಿಡುತ್ತಿತ್ತು. ನಿನ್ನ ತಂದೆಯವರು ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, 'ಇದು ಒಲೆಯಲ್ಲ ಕಣೆ, ಮುಟ್ಟಿದ್ರೆ ಮುನಿ' ಎಂದರು. ಅಕ್ಕ ಎಷ್ಟೋ ದಿನಗಳ ಮೇಲೆ ಜೋರಾಗಿ ನಕ್ಕಳು. ಆದರೂ ಹಟ ಬಿಡಲಿಲ್ಲ. ಹಾಲು ಉಕ್ಕಿತು, ಒಗ್ಗರಣೆ ಸೀದಿತು, ಮುದ್ದೆ ಅರೆಬೆಂದಿತು. ನಾವು ಮಾತಿಲ್ಲದೆ ಉಂಡೆವು. ಮಾತಿಲ್ಲದಿರುವುದೇ ಅವಳಿಗೆ ತಿಳಿಯುತ್ತಿತ್ತು. ಭಾನುವಾರ ನೀನು 'ಒಲೆ ಹೆಂಗೈತೆ ದೊಡ್ಡಮ್ಮಾ' ಎಂದಾಗ, 'ರಾಜನಂಗೈತೆ ಕಣ್ಮಗಾ' ಎಂದದ್ದು ನಿನಗೆ ನೆನಪಿರಬೇಕು.

ಇನ್ನು ಕೈ ಸುಟ್ಟ ದಿನದ ಸಂಗತಿ. ಕಾರ್ತಿಕದ ಮೊದಲ ಸೋಮವಾರ. ನಮ್ಮ ತಾಯಿಯ ಕಾಲದಿಂದ ಬಂದ ನಡೆ ನಿನಗೆ ತಿಳಿದೇ ಇದೆ. ಸ್ನಾನ ಮಾಡಿ, ಒಲೆಯನ್ನು ತೊಳೆದು, ಮೂರು ಬೆರಳಿನಿಂದ ವಿಭೂತಿ ಎಳೆದು, ನಮಸ್ಕರಿಸಿದ ಮೇಲೆಯೇ ಹಾಲಿಡುವುದು. ಮಣ್ಣಿನ ಒಲೆಗೆ ಹಾಗೆ ಮಾಡಿದಳು, ಸೀಮೆಎಣ್ಣೆಯ ಸ್ಟೌವಿಗೆ ಮಾಡಿದಳು, ಗ್ಯಾಸಿಗೆ ಮಾಡಿದಳು. ಹೊಸ ಒಲೆ ಬಂದಾಗ ಗಾಜಿಗೆ ಒದ್ದೆ ಕೈ ಬೇಡ, ಹಿಂದಿನ ಗೋಡೆಗೆ ವಿಭೂತಿ ಹಚ್ಚು ಎಂದು ನಾನು ಹೇಳಿದ್ದೆ. 'ಒಲೆ ಇರೋದು ಇಲ್ಲಿ, ಈಬೂತಿ ಗೋಡೆಗಾ? ನಿನ್ ಹಣೆಗಿಡೋದ್ನ ನಿನ್ ಗಂಡನ ಹಣೆಗಿಟ್ರೆ ಆಯ್ತದಾ?' ಎಂದು ಕೇಳಿದ್ದಳು. ಆದರೂ ನನ್ನ ಮಾತು ಮೀರದೆ ಗೋಡೆಗೇ ಹಚ್ಚುತ್ತಿದ್ದಳು. ಅಂದು ಕಾರ್ತಿಕ ಸೋಮವಾರ, ಬೆಟ್ಟದ ಮಲ್ಲಿಕಾರ್ಜುನನ ದಿನ, ಅವಳ ಮನಸ್ಸು ಗೋಡೆಗೆ ಒಪ್ಪಲಿಲ್ಲ. ನಾನು ನಿನ್ನ ತಂದೆಯವರಿಗೆ ಬಿಸಿನೀರು ಕಾಯಿಸಿಕೊಂಡು ಗೋಡೆಯ ಸ್ವಿಚ್ಚನ್ನು ಆರಿಸದೆ ಹೋಗಿದ್ದೆ. ಒಲೆಯ ಹಣೆ ಯಾವುದೆಂದು ಅವಳು ಹುಡುಕಿದಳು, ಮುಂಭಾಗವೇ ಹಣೆಯಲ್ಲವೇ? ನೀರು ಮುಟ್ಟಿಸಿದ ವಿಭೂತಿಯನ್ನು ನನ್ನ ಬೊಟ್ಟುಗಳ ಮೇಲೆಯೇ ಅಡ್ಡಡ್ಡಲಾಗಿ ಎಳೆದಳು. ಒಲೆ ತನ್ನ ರಾಗ ಹಾಡಿತು. ಮಾಮೂಲಿನಂತೆ ಮುನಿದು ನಿಂತಿತೆಂದು ಅವಳು ತಿಳಿದಳು. ಅದು ಹೊತ್ತಿಕೊಂಡಿತ್ತು.

ಉರಿಯಿದ್ದಿದ್ದರೆ ಸದ್ದು ಕೇಳುತ್ತಿತ್ತು. ಗ್ಯಾಸಿದ್ದಿದ್ದರೆ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ಕಾರ್ತಿಕದ ದೀಪ ಹಚ್ಚಿಟ್ಟಿದ್ದಳು, ಮುಖಕ್ಕೆ ತಗುಲಿದ ಕಾವು ದೀಪದ್ದೆಂದು ಭಾವಿಸಿದಳು. ಕೈಮುಗಿದು ಶಿವನಾಮ ಹೇಳಿಕೊಂಡು, ಎಂದಿನಂತೆ ಒಲೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಲೆಂದು ಬಲಗೈಯನ್ನು ಗಾಜಿನ ನಡುವೆ ಊರಿದಳು. ಚೇತನ್, ಕೈ ಸುಟ್ಟದ್ದು ಅಡಿಗೆ ಮಾಡುವಾಗ ಅಲ್ಲ, ನಮಸ್ಕಾರ ಮಾಡುವಾಗ. ನನಗೆ ಸಹಿಸಲಾಗದಿರುವುದು ಇದೇ. ಅವಳು ಕೂಗಲಿಲ್ಲ. ನಾನು ಒಳಗೆ ಹೋದಾಗ ಕೈಯನ್ನು ನೀರಿನ ಕೊಡದಲ್ಲಿ ಅದ್ದಿ ನಿಂತಿದ್ದಳು. ಗಾಜು ಕೆಂಪಗೆ ಬೆಳಗುತ್ತಿತ್ತು, ಅದರ ಮುಂದೆ ಮೂರು ಬಿಳಿ ಗೆರೆ. 'ಗೋಡೆಗೆ ಹಚ್ಚು ಅಂತ ಎಷ್ಟು ಸಲ ಹೇಳಲಿ' ಎಂದು ತರಗತಿಯಲ್ಲಿ ಗದರುವಂತೆ ಗದರಿದೆ. ಆಮೇಲೆ ಕೈ ನೋಡಿದೆ. 'ಏನಿಲ್ಲ ಬುಡು, ಚುರ್ ಅಂತು ಅಷ್ಟೆ' ಎಂದಳು. ಹೆಬ್ಬೆರಳು ಉಳಿದಿತ್ತು, ಮಿಕ್ಕ ಬೆರಳುಗಳ ತುದಿ ಬೆಳ್ಳಗೆ ಬೆಂದಿತ್ತು.

ಅಂದಿನಿಂದ ಅಡಿಗೆ ನನ್ನದು. ಅವಳು ಬಾಗಿಲ ಬಳಿ ಮಣೆ ಹಾಕಿಕೊಂಡು ಕುಳಿತು ನನ್ನ ಒಗ್ಗರಣೆಯ ಸದ್ದನ್ನು ತಿದ್ದುತ್ತಾಳೆ. ಒಂದು ದಿನ ನಿನ್ನ ತಂದೆಯವರು ಹಳೆಯ ಗ್ಯಾಸ್ ಒಲೆಯನ್ನು ಕೊಟ್ಟಿಗೆಯಿಂದ ತೊಳೆದು ತಂದರು. ಗಾಜಿನ ಒಲೆಯನ್ನು ಎತ್ತುವ ಸದ್ದು ಕೇಳಿದ್ದೇ ತಡ, ಅವಳು ಎದ್ದು ಬಂದು ಅದರ ಮುಂದೆ ಕೈ ಅಡ್ಡ ಹಿಡಿದು ನಿಂತಳು. 'ಇದ್ನ ಎತ್ತುದ್ರೆ ನಾನಿಲ್ಲಿ ಒಂದ್ ತುತ್ತು ತಿನ್ನಾಕಿಲ್ಲ. ಮಗ ಪ್ರೀತಿಯಿಂದ ಹೊತ್ಕಂಡ್ ಬಂದವ್ನೆ. ಮುಂದ್ಲ ಸಲ ಬಂದಾಗ ಮೂಲೇಲಿದ್ರೆ ಅವನೆದೆಗೆ ಏನಾಯ್ತದೆ ಅಂತ ನಿಮ್ಗೆ ಗೊತ್ತಾ?' ಎಂದಳು. ನಿನ್ನ ತಂದೆಯವರು ಒಲೆಯನ್ನು ಮರಳಿ ಹೊತ್ತುಕೊಂಡು ಹೋದರು. ಸಂಜೆ ನಾನೊಬ್ಬಳೇ ಇದ್ದಾಗ ಅವಳ ಇನ್ನೊಂದು ಭಯ ಹೊರಬಂದಿತು. 'ಕೈ ಸುಟ್ಟೈತೆ ಅಂದ್ರೆ ಅವ್ನು ಅಡ್ಗೆಮನೇನೆ ಬುಡು ಅಂತಾನೆ. ಬುಟ್ಟು ಎಲ್ಲಿಗೋಗ್ಲೇ ನೀಲಾ? ಜಗಲಿ ಮ್ಯಾಲೆ ಕೂತ್ಕಂಡು ಯಾರ್ ಬಂದ್ರು, ಯಾರೋದ್ರು ಅಂತ ಕೇಳ್ಕಂಡಿರ್ಲಾ?'

ಗುಂಡಿಯಿರುವ ಕರೆಂಟಿನ ಒಲೆ ಸಿಕ್ಕರೆ ಎರಡೂ ಸಮಸ್ಯೆ ಪರಿಹಾರವಾದೀತೆಂದು ಪಿರಿಯಾಪಟ್ಟಣಕ್ಕೆ ಹೋಗಿ ಬಂದೆ. ಅಂಗಡಿಯ ಶಶಿಕುಮಾರ ನನ್ನ ಶಿಷ್ಯ, ಎದ್ದು ನಿಂತು ಕುರ್ಚಿ ಕೊಟ್ಟ. 'ತಿರುಗ್ಸೋದು ಹಳೇ ಮಾಡ್ಲು ಮಿಸ್, ನಮ್ಗೆ ಬರ್ತಾ ಇಲ್ಲ. ಈಗೆಲ್ಲ ಟಚ್ಚೇ. ಒರೆಸಿದ್ರೆ ಕ್ಲೀನು, ಕೊಳೆ ಕೂರಕೆ ಸಂದೀನೇ ಇಲ್ಲ' ಎಂದ. ಕಣ್ಣು ಕಾಣದವರು ಏನು ಮಾಡಬೇಕಪ್ಪಾ ಎಂದು ಕೇಳಿದೆ. ಅವನು ಒರಟನಲ್ಲ, ಯೋಚಿಸಿಯೇ ಹೇಳಿದ: 'ಅವ್ರಿಗೆ ಮನೇಲಿ ಯಾರಾದ್ರೂ ಮಾಡ್ಕೊಡ್ತಾರಲ್ವಾ ಮಿಸ್?' ಬಸ್ಸಿನಲ್ಲಿ ಬರುವಾಗ ಆ ಮಾತೇ ಕಿವಿಯಲ್ಲಿತ್ತು. ಯಾರಾದರೂ ಮಾಡಿಕೊಡುತ್ತಾರೆ, ಹೌದು. ಫೋನು ಒತ್ತಿಕೊಡುತ್ತೇವೆ, ಒಲೆ ಹೊತ್ತಿಸಿಕೊಡುತ್ತೇವೆ, ಕೊನೆಗೆ ಉಣಿಸಿಯೂ ಬಿಡಬಹುದು. ಇಷ್ಟೆಲ್ಲವನ್ನೂ ಪ್ರೀತಿಯಿಂದಲೇ ಮಾಡುತ್ತೇವೆ. ಅವಳ ಪಾಲಿಗೆ ಉಳಿಯುವುದೇನು? ಅವಳಿಗೆ ಕಣ್ಣಿಲ್ಲದೆ ಬಹಳ ಕಾಲವಾಯಿತು, ಆದರೆ ಅವಳು ಕುರುಡಿಯಾದದ್ದು ಈ ಒಲೆ ಬಂದ ಮೇಲೆ.

ಆದ್ದರಿಂದ ನಿನ್ನಲ್ಲಿ ಒಂದು ಕೋರಿಕೆ. ಒಲೆಯನ್ನು ತೆಗೆಯಲು ನಮ್ಮಿಂದಾಗದು, ನಿನ್ನ ಬಾಯಿಂದ ಬಂದ ಮಾತಿಗೆ ಮಾತ್ರ ಅವಳು ಒಪ್ಪುತ್ತಾಳೆ. ಮುಂದಿನ ಸಲ ಕರೆ ಮಾಡಿದಾಗ, ಆ ಒಲೆಯಲ್ಲಿ ಏನೋ ದೋಷವಿದೆಯಂತೆ, ಅಂಗಡಿಯವರು ವಾಪಸು ಕೇಳುತ್ತಿದ್ದಾರೆ, ಹಳೆಯದರಲ್ಲೇ ಮಾಡಿಕೊ ದೊಡ್ಡಮ್ಮಾ ಎಂದು ಹೇಳು. ನೀನು ಎರಡನೆಯ ತರಗತಿಯಲ್ಲಿ ಬಳಪ ಕದ್ದು ಕದ್ದಿಲ್ಲವೆಂದಾಗ ಇಡೀ ಸಂಜೆ ನಿನ್ನೊಡನೆ ಮಾತನಾಡದಿದ್ದವಳು ನಾನು. ಅದೇ ತಾಯಿ ಇಂದು ಸುಳ್ಳಿನ ವಾಕ್ಯವನ್ನು ತಾನೇ ರಚಿಸಿ ಕಳಿಸುತ್ತಿದ್ದಾಳೆ. ಒಲೆಯಲ್ಲಿ ದೋಷವಿದೆ ಎಂಬ ಭಾಗವಾದರೂ ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಸೆರಗಿನ ವಿಷಯದಲ್ಲಿ ನಿನಗಿರುವ ಭಯ ನನಗೂ ಇದೆ. ಅವಳಿಗೆ ಸೆರಗು ಬಿಗಿದು ಮೇಲೆ ತೊಡುವಂತೆ ದಪ್ಪ ಬಟ್ಟೆಯ ಮೇಲಂಗಿ ಹೊಲಿಸುತ್ತೇನೆ, ಹೊತ್ತಿಸುವಾಗಲೂ ಆರಿಸುವಾಗಲೂ ಪಕ್ಕದಲ್ಲಿ ನಿಲ್ಲುತ್ತೇನೆ. ಗುಂಡಿ ತಿರುಗಿಸುವುದು ಮಾತ್ರ ಅವಳೇ. ಕೈ ಸುಟ್ಟ ಸಂಗತಿ ನಿನಗೆ ತಿಳಿದಿದೆ ಎಂಬುದು ನಿನ್ನ ಧ್ವನಿಯಲ್ಲಿ ಕಾಣಬಾರದು. ನಿನ್ನ ಧ್ವನಿಯನ್ನು ನನಗಿಂತ ಚೆನ್ನಾಗಿ ಓದುವವಳು ಅವಳು.

ಅಂಗಳದಿಂದ ಕರೆಯುತ್ತಿದ್ದಾಳೆ, ಬಸ್ಸಿನ ಹೊತ್ತಾಯಿತಂತೆ. ಹೊಟ್ಟೆ ತುಂಬ ಉಣ್ಣು, ರಜೆ ಮಂಜೂರಾದ ಕೂಡಲೇ ತಿಳಿಸು. ನಿನ್ನ ತಂದೆಯವರ ಆಶೀರ್ವಾದ ಬೇರೆ ಹೇಳಬೇಕಾಗಿಲ್ಲ. ದೊಡ್ಡಮ್ಮನಿಗೆ ಈ ಕಾಗದದ ಸುಳಿವಿಲ್ಲವಾದರೂ, ನಿನಗೆಂದು ಅವಳು ದಿನವೂ ಮಲ್ಲಿಕಾರ್ಜುನನಲ್ಲಿ ಬೇಡುವುದೆಲ್ಲ ಇದರೊಳಗೆ ಸೇರಿದೆ ಎಂದು ತಿಳಿ.

ನಿನ್ನ ಅಮ್ಮ,
ನೀಲಾಂಬಿಕೆ

ವಿ.ಸೂ.: ಹುಣಸೂರಿನಿಂದ ಈಗಷ್ಟೇ ಬಂದೆವು, ಅಂಚೆಯವನು ಹೊರಡುವ ಮೊದಲು ಇಷ್ಟನ್ನು ಸೇರಿಸುತ್ತಿದ್ದೇನೆ. ಕಟ್ಟು ಬಿಚ್ಚಿದರು, ಚರ್ಮ ಕೂಡಿದೆ. ಡಾಕ್ಟರು ಹತ್ತಿಯ ಎಳೆಯಿಂದ ಒಂದೊಂದೇ ಬೆರಳ ತುದಿಯನ್ನು ಮುಟ್ಟುತ್ತ 'ತಿಳಿತದಾ ಅಮ್ಮಾ' ಎಂದು ಕೇಳಿದರು. ಅವಳು ಪ್ರತಿ ಸಲವೂ 'ಹ್ಞೂಂ, ತಿಳಿತದೆ' ಎಂದಳು. ಹತ್ತಿಯನ್ನು ದೂರ ಹಿಡಿದು ಕೇಳಿದಾಗಲೂ ಅದೇ ಧ್ವನಿಯಲ್ಲಿ 'ತಿಳಿತದೆ' ಎಂದಳು. ಡಾಕ್ಟರು ನನ್ನ ಮುಖ ನೋಡಿದರು, ನಾನು ಕಿಟಕಿಯ ಕಡೆ ನೋಡಿದೆ. ಸ್ಪರ್ಶ ಮರಳಿದರೆ ನಿಧಾನವಾಗಿ ಮರಳಬೇಕು, ಭರವಸೆ ಕೊಡಲಾರೆ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಆದ್ದರಿಂದ ಒಲೆಯ ಮಾತನ್ನು ಈ ಕಾಗದ ತಲುಪಿದ ಕೂಡಲೇ ಆಡು, ಭಾನುವಾರಕ್ಕೆ ಕಾಯಬೇಡ. ಅವಳ ಎಡಗೈ ಗುಂಡಿಯನ್ನು ಮೊದಲಿನಿಂದ ಕಲಿಯಬೇಕಾಗಿದೆ. ಮತ್ತೆ, ರಜೆಗೆ ಬಂದಾಗ ಗೇಟಿನ ಬಳಿ ಎಂದಿನಂತೆಯೇ ನಿಲ್ಲು. ಅವಳು ಬಲಗೈಯನ್ನೇ ಎತ್ತುತ್ತಾಳೆ. ಬೆರಳಿಗೆ ಹುಬ್ಬಿನ ಗುರುತು ಸಿಗುವುದಿಲ್ಲ, ಆದರೂ ಸಿಕ್ಕಿತೆಂದೇ ಹೇಳುತ್ತಾಳೆ. ಹಣೆಯ ಮೇಲೆ ಎಲ್ಲೇ ಬೆರಳಿಟ್ಟು 'ಬಂದಾ ನನ್ ಒರಳ್ಕಲ್ಲು' ಎಂದರೂ ಮಾತನಾಡಬೇಡ. ತಲೆಯನ್ನು ಮೆಲ್ಲಗೆ ಸರಿಸಿ, ಗುರುತನ್ನು ನೀನೇ ಅವಳ ಬೆರಳ ಕೆಳಗೆ ತಂದು ಕೊಡು.